ಬಣ್ಣ ಹೂವಿನದ್ದಾ, ಎಲೆಯದ್ದಾ? ನಾಲ್ಕು ತಾಲ್ಲೂಕಿನ ಬಯಲಲ್ಲಿ ಒಂದು ಸಸ್ಯಪಾಠ

ಅಮೆರಿಕದ ಹುಲ್ಲುಗಾವಲುಗಳಲ್ಲಿ 'ಇಂಡಿಯನ್ ಪೇಂಟ್‌ಬ್ರಶ್' ಅಂತ ಒಂದು ಕಾಡುಹೂ ಇದೆ. ಕೆಂಪು ಬಣ್ಣದ ಡಬ್ಬಿಗೆ ಅದ್ದಿ ತೆಗೆದ ಬ್ರಶ್ ಥರ ಕಾಣುತ್ತೆ. ಹೆಸರಿನಲ್ಲಿ 'ಇಂಡಿಯನ್' ಇದೆ ಅಂತ ನಮ್ಮ ದೇಶದಲ್ಲಿ ಹುಡುಕಿದರೆ ಸಿಗಲ್ಲ. ಅಲ್ಲಿನ ಮೂಲನಿವಾಸಿಗಳನ್ನ ಇಂಡಿಯನ್ನರು ಅಂತ ಕರೆದದ್ದರಿಂದ ಬಂದ ಹೆಸರು ಅದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾಸ್ಟಿಲ್ಲೇಯ. ಸುಮಾರು 200 ಪ್ರಭೇದಗಳಿವೆ. ಅದರಲ್ಲಿ ಒಂದು 1917ರಿಂದ ವಯೋಮಿಂಗ್ ರಾಜ್ಯದ ಅಧಿಕೃತ ಹೂವು.

ಈ ಗಿಡದ ತಮಾಷೆ ಏನಪ್ಪಾ ಅಂದರೆ, ದೂರದಿಂದ ಕಾಣೋ ಆ ಕೆಂಪು ಹೂವಿನ ದಳದ್ದಲ್ಲ. ನಿಜವಾದ ಹೂವು ಸಣ್ಣದೊಂದು ಹಸಿರು ಕೊಳವೆ. ಕೆಂಪಿನ ಒಳಗೆ ಅಡಗಿ ಕೂತಿರುತ್ತೆ. ಕೆಂಪಾಗಿರೋದು ಹೂವಿನ ಬುಡದಲ್ಲಿರೋ ವಿಶೇಷ ಎಲೆಗಳು. ಇವನ್ನ ಬ್ರ್ಯಾಕ್ಟ್ ಅಂತಾರೆ. ಮೊಗ್ಗು ಎಳೆಯದಾಗಿರುವಾಗ ಅದನ್ನ ಕಾಯೋದು ಈ ಎಲೆಯ ಮೂಲ ಕೆಲಸ. ಹಾಗಾಗಿ ನಾವು ಕ್ಲಬ್ಬಿನಲ್ಲಿ ಇದಕ್ಕೆ 'ಕಾವಲೆಲೆ' ಅಂತ ಒಂದು ಹೆಸರು ಇಟ್ಟುಕೊಂಡಿದ್ದೀವಿ. ಈ ಲೇಖನದಲ್ಲಿ ಎರಡೂ ಪದ ಬರುತ್ತೆ, ಗಾಬರಿ ಬೇಡ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹೊಲ, ಬದು, ಬಯಲುಗಳಲ್ಲಿ ಕಾವಲೆಲೆ ಮೆರೆಯೋ ಗಿಡಗಳು ಯಾವುವು, ಅವನ್ನ ಗುರುತಿಸೋದು ಹೇಗೆ ಅನ್ನೋದು ಇವತ್ತಿನ ಪಾಠ. ಸಸ್ಯಶಾಸ್ತ್ರ ನಮ್ಮ ಸಿಲೆಬಸ್ಸಿನಲ್ಲಿ ಇಲ್ಲ, ನಿಜ. ಆದರೆ ಇದು ಯಾಕೆ ಬೇಕು ಅಂತ ಕೊನೆಗೆ ಬರೋ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ.

ಮೊದಲು ಅಡುಗೆಮನೆಗೆ ಬನ್ನಿ

ಬ್ರ್ಯಾಕ್ಟ್ ಅಂದರೆ ಏನು ಅಂತ ತಿಳಿಯೋಕೆ ಬೆಟ್ಟ ಹತ್ತಬೇಕಿಲ್ಲ. ಒಂದು ಬಾಳೆ ಹೂವು ತಗೊಳ್ಳಿ. ಪಲ್ಯ ಮಾಡುವಾಗ ಮನೆಯಲ್ಲಿ ಮೇಲಿನ ದಪ್ಪ ನೇರಳೆಗೆಂಪು ಹಾಳೆಯನ್ನ ಒಂದೊಂದಾಗಿ ಬಿಡಿಸಿ ಎಸೀತಾರಲ್ಲ, ಅದೇ ಕಾವಲೆಲೆ. ಪ್ರತಿ ಹಾಳೆಯ ಒಳಗೆ ಸಾಲಾಗಿ ಸಣ್ಣ ಸಣ್ಣ ಹೂಗಳು ಇರುತ್ತೆ. ಗಿಡದಲ್ಲೇ ಬಿಟ್ಟಿದ್ದರೆ ಮೊದಲ ಕೆಲವು ಸಾಲುಗಳು ಬಾಳೆಕಾಯಿಯ ಚಿಪ್ಪುಗಳಾಗ್ತಿದ್ದವು. ಅಂದರೆ ನಾವು 'ಬಾಳೆ ಹೂವು' ಅನ್ನೋದು ಒಂದು ಹೂವಲ್ಲ, ನೂರಾರು ಹೂಗಳ ಗುಂಪು. ಬಣ್ಣ ಮಾತ್ರ ಕಾವಲೆಲೆಯದ್ದು.

ಕೊರಟಗೆರೆ ಕಡೆ ತೋಟ ಇರೋರಿಗೆ ಇನ್ನೊಂದು ಉದಾಹರಣೆ. ತೆಂಗಿನ ಹೊಂಬಾಳೆ ಒಡೆಯೋಕೆ ಮುಂಚೆ ಅದನ್ನ ದೋಣಿಯಂಥ ಗಟ್ಟಿ ಹೊದಿಕೆ ಮುಚ್ಚಿಕೊಂಡಿರುತ್ತಲ್ಲ, ಅದೂ ಒಂದು ಬ್ರ್ಯಾಕ್ಟೇ. ಇಲ್ಲಿ ಬಣ್ಣದ ಆಡಂಬರ ಇಲ್ಲ, ಬರೀ ಕಾವಲು ಕೆಲಸ.

ಮೂರನೆಯದು ಕನಕಾಂಬರ. ಇದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದೇ ಗಿಡ, ಹೊರಗಿಂದ ಬಂದದ್ದಲ್ಲ. ಹೂ ಬಿಡಿಸುವಾಗ ಗಿಡದಲ್ಲಿ ಉಳಿಯೋ ಹಸಿರು ತೆನೆ ಇದೆಯಲ್ಲ, ಅದರ ಪದರ ಪದರವೆಲ್ಲ ಬ್ರ್ಯಾಕ್ಟುಗಳು. ಪ್ರತಿ ಪದರದ ಕಂಕುಳಿನಿಂದ ಒಂದೊಂದು ಕಿತ್ತಳೆ ಬಣ್ಣದ ಹೂವು ಹೊರಗೆ ಬರುತ್ತೆ. ಇಲ್ಲಿ ಬಣ್ಣ ನಿಜವಾಗಿ ದಳದ್ದು, ಕಾವಲೆಲೆ ಹಸಿರಾಗೇ ಉಳಿದಿದೆ. ಬಾಳೆಯನ್ನೂ ಕನಕಾಂಬರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಪಾಠ ಮುಗೀತು.

ಇನ್ನು ಕಾಲೇಜು ಗೇಟು, ಬಸ್‌ಸ್ಟ್ಯಾಂಡು, ಪೆಟ್ರೋಲ್ ಬಂಕು ಎಲ್ಲಾ ಕಡೆ ಇರೋ ಕಾಗದದ ಹೂ, ಅಂದರೆ ಬೋಗನ್‌ವಿಲ್ಲ. ಇದು ದಕ್ಷಿಣ ಅಮೆರಿಕದ ಗಿಡ. ಮೂರು ಬಣ್ಣದ 'ದಳ'ಗಳ ಮಧ್ಯೆ ಕಡ್ಡಿಯಂಥ ಮೂರು ಬಿಳಿ ಕೊಳವೆಗಳು ಕಾಣುತ್ತಲ್ಲ, ಆ ಕೊಳವೆಗಳೇ ಹೂಗಳು. ಒಂದೊಂದು ಬಣ್ಣದ ಹಾಳೆಯ ನಡುನರಕ್ಕೆ ಒಂದೊಂದು ಹೂವು ಅಂಟಿಕೊಂಡಿರುತ್ತೆ. ಹಾಳೆಯನ್ನ ಬೆಳಕಿಗೆ ಹಿಡಿದು ನೋಡಿ. ಎಲೆಯಲ್ಲಿರೋ ಥರದ್ದೇ ನರಗಳ ಬಲೆ ಕಾಣುತ್ತೆ.

ಗುರುತಿಸೋಕೆ ಐದು ಪ್ರಶ್ನೆ

ಯಾವುದೇ ಬಣ್ಣದ ಗಿಡ ಸಿಕ್ಕರೂ ಈ ಐದು ಪ್ರಶ್ನೆ ಕೇಳಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಒಂದು ಇಫ್-ಎಲ್ಸ್ ಸರಣಿ.

ಒಂದು, ಬಣ್ಣದ ಭಾಗದ ಕಂಕುಳಲ್ಲಿ ಇನ್ನೊಂದು ಪೂರ್ತಿ ಹೂವು ಇದೆಯಾ? ಕೇಸರ, ಅಂಡಾಶಯ ಎಲ್ಲಾ ಇರೋ ಹೂವು ಅದರ ಬುಡದಿಂದ ಹೊರಟಿದ್ದರೆ ಬಣ್ಣ ಬ್ರ್ಯಾಕ್ಟಿನದ್ದು.

ಎರಡು, ಕ್ರಮ ಏನು? ಹೂವನ್ನ ಹೊರಗಿಂದ ಒಳಗೆ ಬಿಡಿಸುತ್ತಾ ಹೋದರೆ ಮೊದಲು ಬ್ರ್ಯಾಕ್ಟ್, ಆಮೇಲೆ ಪುಷ್ಪಪಾತ್ರೆ, ಆಮೇಲೆ ದಳ, ಆಮೇಲೆ ಕೇಸರ, ಕೊನೆಗೆ ನಡುವೆ ಅಂಡಾಶಯ. ಪುಷ್ಪಪಾತ್ರೆಗಿಂತ ಹೊರಗಿರೋದು ಏನೇ ಆಗಲಿ, ಎಷ್ಟೇ ಚಂದ ಇರಲಿ, ಅದು ದಳ ಅಲ್ಲ.

ಮೂರು, ಎಲೆಯಿಂದ ಬಣ್ಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿದೆಯಾ? ಕಾಂಡದ ಕೆಳಗೆ ಪೂರ್ತಿ ಹಸಿರು ಎಲೆ, ಮೇಲೆ ಅರ್ಧ ಹಸಿರು ಅರ್ಧ ಕೆಂಪು, ತುದಿಯಲ್ಲಿ ಪೂರ್ತಿ ಕೆಂಪು ಇದ್ದರೆ ಅದು ಎಲೆಯ ವಂಶದ್ದೇ. ಡಿಸೆಂಬರಿನಲ್ಲಿ ನರ್ಸರಿಗಳಲ್ಲಿ ಮಾರೋ ಪಾಯಿನ್‌ಸೆಟಿಯ ಗಿಡದಲ್ಲಿ ಇದು ಚೆನ್ನಾಗಿ ಕಾಣುತ್ತೆ.

ನಾಲ್ಕು, ಎಷ್ಟು ದಿನ ಇರುತ್ತೆ? ಒಂದು ತೆನೆಗೆ ದಾರ ಕಟ್ಟಿ ಗುರುತು ಮಾಡಿ, ನಾಲ್ಕೈದು ದಿನ ಬಿಟ್ಟು ಬಂದು ನೋಡಿ. ದಳ ಬೇಗ ಬಾಡಿ ಉದುರುತ್ತೆ. ಕಾವಲೆಲೆ ಬಹಳ ಸಲ ವಾರಗಟ್ಟಲೆ ನಿಲ್ಲುತ್ತೆ.

ಐದು, ಒಂದು ಹೂವಿಗೆ ಎಷ್ಟು? ದಳಗಳು ಪ್ರತಿ ಹೂವಿನಲ್ಲೂ ಒಂದೇ ಲೆಕ್ಕದಲ್ಲಿ ಸುತ್ತಲೂ ಇರುತ್ತೆ. ಬ್ರ್ಯಾಕ್ಟ್ ಸಾಮಾನ್ಯವಾಗಿ ಹೂವಿಗೆ ಒಂದು, ಇಲ್ಲಾ ಹಲವು ಹೂಗಳಿಗೆ ಸೇರಿ ಒಂದಷ್ಟು.

ಸೂರ್ಯಕಾಂತಿ ಹೊಲದಲ್ಲಿ ಎಚ್ಚರ ಇರಲಿ. ಅಲ್ಲಿ ಸುತ್ತಲಿನ ಹಳದಿ 'ದಳ' ಒಂದೊಂದೂ ಒಂದೊಂದು ಹೂವು. ತಲೆಯ ಕೆಳಗೆ ತಟ್ಟೆಯಂತೆ ಹಿಡಿದಿರೋ ಹಸಿರು ಎಲೆಗಳು ಮಾತ್ರ ಬ್ರ್ಯಾಕ್ಟು. ಹಾಗೇ ಅಲಂಕಾರಕ್ಕೆ ಬೆಳೆಸೋ ಮುಸ್ಸೆಂಡ ಗಿಡದಲ್ಲಿ ಬಿಳಿ ಅಥವಾ ಗುಲಾಬಿ ಎಲೆ ಥರ ಕಾಣೋದು ಬ್ರ್ಯಾಕ್ಟ್ ಅಲ್ಲ, ಹಿಗ್ಗಿಕೊಂಡ ಪುಷ್ಪಪಾತ್ರೆಯ ಒಂದು ಎಸಳು. ಎರಡನೇ ಪ್ರಶ್ನೆ ಇಂಥ ಕಡೆ ಕೆಲಸಕ್ಕೆ ಬರುತ್ತೆ.

ಅಣ್ಣೆ ಸೊಪ್ಪಿನ ಪರೀಕ್ಷೆ

ಈಗ ಹೊಲಕ್ಕೆ ಹೋಗೋಣ. ಮುಂಗಾರಿನ ಕೊನೆಯಿಂದ ಹಿಂಗಾರು ಮುಗಿಯೋವರೆಗೆ ಪಾವಗಡದ ಕಡಲೆಕಾಯಿ ಹೊಲದಲ್ಲಿ, ಮಧುಗಿರಿಯ ರಾಗಿ ಹೊಲದ ಬದುವಿನಲ್ಲಿ, ಸಿರಾದ ರಸ್ತೆ ಬದಿಯಲ್ಲಿ ಮೇಣದ ಬತ್ತಿಯಂತೆ ನೆಟ್ಟಗೆ ನಿಂತ ಗುಲಾಬಿ-ಬಿಳಿ ತೆನೆಗಳು ಕಾಣುತ್ತೆ. ತುದಿ ಗುಲಾಬಿ, ಬುಡಕ್ಕೆ ಬರ್ತಾ ಬೆಳ್ಳಿ. ಇದು ಅಣ್ಣೆ ಸೊಪ್ಪು. 1753ರಲ್ಲಿ ಲಿನೇಯಸ್ ಇದಕ್ಕೆ ಸೆಲೋಸಿಯ ಅರ್ಜೆಂಟಿಯ ಅಂತ ಹೆಸರಿಟ್ಟ. ಮೊದಲ ಪದ 'ಉರಿದದ್ದು' ಅನ್ನೋ ಗ್ರೀಕ್ ಪದದಿಂದ, ಎರಡನೆಯದು 'ಬೆಳ್ಳಿಯಂಥ' ಅನ್ನೋ ಲ್ಯಾಟಿನ್ ಪದದಿಂದ. ತುದಿಗೆ ಉರಿ, ಬುಡಕ್ಕೆ ಬೆಳ್ಳಿ ಅಂತ ನೆನಪಿಟ್ಟುಕೊಂಡರೆ ಹೆಸರು ಮರೆಯಲ್ಲ. ಮನೆ ಮುಂದೆ ಬೆಳೆಸೋ ಕೋಳಿಜುಟ್ಟು ಹೂವು ಇದರದ್ದೇ ಜಾತಿ.

ಗುರುತು ಹೀಗೆ. ಗಿಡ ಮೊಣಕಾಲಿನಿಂದ ಸೊಂಟದ ಎತ್ತರ. ಎಲೆ ಉದ್ದ, ಕಿರಿದು, ಅಂಚು ನಯ. ಕಾಂಡದ ಮೇಲೆ ಎಲೆಗಳು ಒಂದಾದ ಮೇಲೆ ಒಂದು, ಅಕ್ಕಪಕ್ಕ ಬದಲಾಗಿ ಬರುತ್ತೆ. ಜೋಡಿಯಾಗಿ ಎದುರುಬದುರು ಇರಲ್ಲ. ತೆನೆ ಮುಟ್ಟಿದರೆ ಒಣ ಕಾಗದದಂತೆ ಸರಸರ ಅನ್ನುತ್ತೆ.

ತೆನೆಯಿಂದ ಒಂದೇ ಒಂದು ಹೂವನ್ನ ಸೂಜಿಯಲ್ಲಿ ಬಿಡಿಸಿ, ಹತ್ತು ಪಟ್ಟಿನ ಕೈಲೆನ್ಸಿನಲ್ಲಿ ನೋಡಿ. ಹೊರಗೆ ಮೂರು ಚಿಕ್ಕ ಹೊಳೆಯೋ ಹೊಟ್ಟು: ಒಂದು ಬ್ರ್ಯಾಕ್ಟ್, ಅದರ ಎರಡು ಪಕ್ಕದಲ್ಲಿ ಎರಡು ಪುಟಾಣಿ ಬ್ರ್ಯಾಕ್ಟ್. ಅದರೊಳಗೆ ಇನ್ನೂ ಉದ್ದವಾದ, ಅದೇ ಥರ ಕಾಗದದಂಥ ಐದು ಎಸಳು. ಅದರೊಳಗೆ ಐದು ಕೇಸರಗಳು. ಬುಡದಲ್ಲಿ ಸೇರಿಕೊಂಡು ಪುಟ್ಟ ಬಟ್ಟಲಾಗಿರುತ್ತೆ. ನಡುವೆ ಅಂಡಾಶಯ, ಅದರ ಮೇಲೆ ಉದ್ದನೆಯ ಕಡ್ಡಿ. ಈ ಕುಟುಂಬದ ಗಿಡಗಳಲ್ಲಿ ಪುಷ್ಪಪಾತ್ರೆ ಬೇರೆ, ದಳ ಬೇರೆ ಅಂತ ಇಲ್ಲ. ಇರೋದು ಒಂದೇ ಸುತ್ತು.

ಹಾಗಾದರೆ ಬಣ್ಣ ಯಾರದ್ದು? ನಮ್ಮ ಐದು ಪ್ರಶ್ನೆಗೆ ಅಣ್ಣೆ ಸೊಪ್ಪು ಕೊಡೋ ಉತ್ತರ: ಹೆಚ್ಚು ಪಾಲು ಐದು ಎಸಳಿನದ್ದು, ಸ್ವಲ್ಪ ಕಾವಲೆಲೆಯದ್ದು. ಹೊಳಪು ಮಾತ್ರ ಎಲ್ಲರದ್ದೂ. ದೂರದಿಂದ ನೋಡಿ 'ಇದು ಬಣ್ಣದ ಬ್ರ್ಯಾಕ್ಟಿನ ಗಿಡ' ಅಂತ ಬರೆದುಬಿಟ್ಟರೆ ಅರ್ಧ ಅಂಕ ಮಾತ್ರ. ಇದರದ್ದೇ ಕುಟುಂಬದ, ಹಾರಕ್ಕೆ ಪೋಣಿಸೋ ಬಟನ್ ಹೂವಿನಲ್ಲಿ ಕಥೆ ಬೇರೆ. ಅದರ ನೇರಳೆ ಗುಂಡಿನ ಬಣ್ಣ ಪೂರ್ತಿ ಆ ಪಕ್ಕದ ಪುಟಾಣಿ ಬ್ರ್ಯಾಕ್ಟುಗಳದ್ದೇ. ಅದಕ್ಕೇ ಒಣಗಿದ ಮೇಲೂ ತಿಂಗಳುಗಟ್ಟಲೆ ಬಣ್ಣ ಹೋಗಲ್ಲ.

ಅಣ್ಣೆ ಸೊಪ್ಪಿನ ಜೊತೆ ಗೊಂದಲ ಆಗೋ ಗಿಡಗಳು ಎರಡು. ಮೊದಲನೆಯದು ಉತ್ತರಾಣಿ. ಅದರ ತೆನೆಯೂ ಉದ್ದ, ಆದರೆ ಎಲೆಗಳು ಎದುರುಬದುರು ಜೋಡಿ. ಹೂಗಳು ಬಲಿತ ಮೇಲೆ ಕೆಳಮುಖವಾಗಿ ಕಾಂಡಕ್ಕೆ ಒತ್ತಿಕೊಳ್ಳುತ್ತೆ. ಹೊಲದಲ್ಲಿ ನಡೆದು ಬಂದರೆ ಪ್ಯಾಂಟಿಗೆ ಕಚ್ಚಿಕೊಂಡು ಬರುತ್ತೆ. ಕಚ್ಚೋದು ಯಾರು ಅಂದರೆ ಮುಳ್ಳಾಗಿರೋ ಪುಟಾಣಿ ಬ್ರ್ಯಾಕ್ಟುಗಳೇ. ಒಂದೇ ಅಂಗ ಬಟನ್ ಹೂವಿನಲ್ಲಿ ಅಲಂಕಾರ, ಉತ್ತರಾಣಿಯಲ್ಲಿ ಬಸ್ ಟಿಕೆಟ್ಟು. ಎರಡನೆಯದು ದಂಟು, ಕೀರೆಯ ಕಾಡು ಸೋದರರು. ಅವುಗಳ ಪುಟ್ಟ ಕಾಯಿಯಲ್ಲಿ ಒಂದೇ ಬೀಜ. ಅಣ್ಣೆ ಸೊಪ್ಪಿನ ಕಾಯಿ ಮುಚ್ಚಳ ಇರೋ ಕುಡಿಕೆಯಂತೆ ಅಡ್ಡಕ್ಕೆ ತೆರೆಯುತ್ತೆ, ಒಳಗೆ ಹಲವು ಕಪ್ಪು ಹೊಳಪಿನ ಬೀಜಗಳು. ಅಂಗೈ ಮೇಲೆ ತೆನೆ ಉಜ್ಜಿ ನೋಡಿ, ಲೆಕ್ಕ ಸಿಗುತ್ತೆ.

ಆಡುಸೋಗೆಯ ಮನೆತನ

ಪೂರ್ತಿ ಅಂಕ ಬೇಕು, ನಮ್ಮ ನೆಲದ್ದೇ ಆಗಿರಬೇಕು, ಕಾವಲೆಲೆಯೇ ಮೆರೀಬೇಕು ಅನ್ನೋರು ಕನಕಾಂಬರದ ಕುಟುಂಬದ ಕಡೆ ನೋಡಿ.

'ಆಡು ಮುಟ್ಟದ ಸೊಪ್ಪಿಲ್ಲ' ಅಂತ ಗಾದೆ ಇದೆಯಲ್ಲ, ಅದಕ್ಕೂ ಒಂದು ಅಪವಾದ ಆಡುಸೋಗೆ. ಬೇಲಿಗೆ ನೆಟ್ಟಿದ್ದರೂ ಆಡು ಬಾಯಿ ಹಾಕಲ್ಲ. ಅದರ ಬಿಳಿ ಹೂವು ಬಾಯಿ ತೆರೆದಂತೆ ಎರಡು ತುಟಿಯದ್ದು. ಹೂವಿನ ಬುಡದಲ್ಲಿ ಹಸಿರು ಎಲೆಯಂಥ ಬ್ರ್ಯಾಕ್ಟುಗಳು ಒತ್ತೊತ್ತಾಗಿರುತ್ತೆ. ಆಡುಸೋಗೆ ಜಸ್ಟೀಸಿಯ ಅನ್ನೋ ಕುಲದ್ದು. ಅದೇ ಕುಲದಲ್ಲಿ ಭಾರತ ಮತ್ತು ಆಫ್ರಿಕ ಎರಡು ಕಡೆಯದ್ದೂ ಆದ ಜಸ್ಟೀಸಿಯ ಬೆಟೋನಿಕ ಅಂತ ಇನ್ನೊಂದು ಗಿಡ ಇದೆ. ಇದರ ಕಾವಲೆಲೆಗಳು ಬಿಳಿ. ಮೇಲೆ ಪೆನ್ನಿನಲ್ಲಿ ಗೀಚಿದಂತೆ ಹಸಿರು ನರಗಳ ಬಲೆ. ತೆನೆ ಉದ್ದಕ್ಕೆ ನಿಂತು ಅಳಿಲಿನ ಬಾಲದ ಥರ ಕಾಣೋದರಿಂದ ಇಂಗ್ಲಿಷಿನಲ್ಲೂ ಅದೇ ಅರ್ಥದ ಹೆಸರು ಬಂದಿದೆ. ನಿಜವಾದ ಹೂವು ತಿಳಿ ನೇರಳೆ ಛಾಯೆಯದ್ದು, ಚಿಕ್ಕದು. ಒಂದೆರಡು ಮಾತ್ರ ಒಮ್ಮೆಗೆ ಅರಳಿರುತ್ತೆ. ಹೂ ಉದುರಿ ಹೋದ ಮೇಲೂ ತೆನೆ ಬಿಳಿಯಾಗಿ ನಿಂತೇ ಇರುತ್ತೆ. ಎಲೆಗಳು ಎದುರುಬದುರು. ಹೂವಿನಲ್ಲಿ ಕೇಸರ ಎರಡೇ. ಕೇಸರ ಐದಿದ್ದರೆ ಅಣ್ಣೆ ಸೊಪ್ಪಿನ ಕಡೆ, ಎರಡಿದ್ದರೆ ಆಡುಸೋಗೆ ಕಡೆ. ಬಯಲಲ್ಲಿ ನಿಂತು ಅರ್ಧ ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು.

ಇದೇ ಕುಟುಂಬದ ಮುಳ್ಳು ಗೋರಂಟಿಯನ್ನ ಕುರುಚಲಲ್ಲಿ ಎಲ್ಲರೂ ನೋಡಿರ್ತೀರಿ. ಹಳದಿ ಹೂವು, ಕೈ ಇಟ್ಟರೆ ಚುಚ್ಚುತ್ತೆ. ಹೂವಿನ ಬುಡದಲ್ಲಿ ಚುಚ್ಚೋ ಆ ಸೂಜಿಗಳೂ ಪುಟಾಣಿ ಬ್ರ್ಯಾಕ್ಟುಗಳೇ. ಹೀಗೆ ಒಂದೇ ಅಂಗ ಕನಕಾಂಬರದಲ್ಲಿ ಹಸಿರು ಪದರ, ಗೋರಂಟಿಯಲ್ಲಿ ಮುಳ್ಳು, ಬೆಟೋನಿಕದಲ್ಲಿ ಬಿಳಿ ಬಾವುಟ. ಇಂಜಿನಿಯರಿಂಗಿನಲ್ಲಿ ನಾವು ಒಂದೇ ಭಾಗವನ್ನ ಬೇರೆ ಬೇರೆ ಕೆಲಸಕ್ಕೆ ತಿರುಗಿಸಿ ಬಳಸ್ತೀವಲ್ಲ, ಗಿಡಗಳು ಅದನ್ನ ನಮಗಿಂತ ಬಹಳ ಮುಂಚೆ ಕಲಿತಿದ್ದಾವೆ.

ಎಲೆಗೆ ಬಣ್ಣ ಹಚ್ಚೋದು ಯಾಕೆ?

ದಳ ನಾಜೂಕು. ಬಿಸಿಲಿಗೆ ಬೇಗ ಬಾಡುತ್ತೆ, ನೀರೂ ಆವಿಯಾಗುತ್ತೆ. ಹೊಸ ಹೂವಿಗೆ ಪ್ರತಿಸಲ ದೊಡ್ಡ ದಳ ಮಾಡೋ ಬದಲು, ಹೂವನ್ನ ಚಿಕ್ಕದು ಮಾಡಿ, ಬೋರ್ಡು ಮಾತ್ರ ಒಂದು ಸಲ ಗಟ್ಟಿಯಾಗಿ ಬರೆಸಿ ನಿಲ್ಲಿಸಿದರೆ ಖರ್ಚು ಕಮ್ಮಿ. ಒಂದು ಹೂವು ಮುಗಿದು ಇನ್ನೊಂದು ಅರಳೋ ಮಧ್ಯದ ಸಮಯದಲ್ಲೂ ಸಿಗ್ನಲ್ ಆಫ್ ಆಗಲ್ಲ. ಅಮೆರಿಕದಲ್ಲಿ ಪೇಂಟ್‌ಬ್ರಶ್ಶಿನ ಕೆಂಪು ಸಿಗ್ನಲ್ಲಿಗೆ ಝೇಂಕಾರದ ಹಕ್ಕಿಗಳು ಬರ್ತಾವೆ. ನಮ್ಮಲ್ಲಿ ಆ ಹಕ್ಕಿ ಇಲ್ಲ. ಆ ಕೆಲಸಕ್ಕೆ ಸೂರಕ್ಕಿ ಇದೆ, ಜೇನು, ಚಿಟ್ಟೆಗಳಿವೆ.

ಬಣ್ಣದಲ್ಲೂ ಎರಡು ಪಕ್ಷ. ದಾಸವಾಳ, ಪಾಯಿನ್‌ಸೆಟಿಯದ ಕೆಂಪು ಆಂಥೋಸಯನಿನ್ ಅನ್ನೋ ವಸ್ತುವಿನದ್ದು. ಬೀಟ್‌ರೂಟ್, ಅಣ್ಣೆ ಸೊಪ್ಪು, ಕಾಗದದ ಹೂವಿನದ್ದು ಬೀಟಲೇನ್. ಈ ಎರಡೂ ಒಂದೇ ಗಿಡದಲ್ಲಿ ಸೇರಿ ಇರಲ್ಲ. ಹಾಸ್ಟೆಲಿನಲ್ಲೇ ಪರೀಕ್ಷೆ ಮಾಡಬಹುದು: ಒಂದು ಲೋಟದಲ್ಲಿ ದಾಸವಾಳದ ದಳ, ಇನ್ನೊಂದರಲ್ಲಿ ಬೀಟ್‌ರೂಟ್ ಚೂರು ಹಾಕಿ ಬಿಸಿನೀರು ಹುಯ್ಯಿರಿ. ಎರಡಕ್ಕೂ ಚಿಟಿಕೆ ಅಡುಗೆ ಸೋಡಾ ಹಾಕಿ. ದಾಸವಾಳದ ನೀರು ಹಸಿರಿನ ಕಡೆ ತಿರುಗುತ್ತೆ, ಬೀಟ್‌ರೂಟಿನದ್ದು ಹಸಿರಾಗಲ್ಲ. ದಾಸವಾಳದ ಇನ್ನೊಂದಿಷ್ಟು ನೀರಿಗೆ ನಿಂಬೆ ಹಿಂಡಿದರೆ ಕೆಂಪು ಗಾಢವಾಗುತ್ತೆ.

ಪೇಂಟ್‌ಬ್ರಶ್ಶನ್ನೇ ಬೀಜ ತಂದು ಬೆಳೆಸಿದರೆ ಆಗಲ್ವಾ ಅಂತ ಕೇಳೋರಿಗೆ ಒಂದು ಮಾತು. ಅದು ಅರೆ ಪರಾವಲಂಬಿ. ತಾನೂ ಎಲೆಯಲ್ಲಿ ಆಹಾರ ಮಾಡುತ್ತೆ, ಜೊತೆಗೆ ಪಕ್ಕದ ಹುಲ್ಲಿನ ಬೇರಿಗೆ ಬೇರು ಚುಚ್ಚಿ ನೀರು, ಲವಣ ಹೀರುತ್ತೆ. ನಮ್ಮ ಶ್ರೀಗಂಧವೂ ಇದೇ ಥರ. ಅದಕ್ಕೇ ಗಂಧದ ಸಸಿ ಪಕ್ಕ ತೊಗರಿ ಹಾಕ್ತಾರೆ. ಜೋಳದ ಬೇರಿಗೆ ಬೀಳೋ ಸ್ಟ್ರೈಗಾ ಅನ್ನೋ ಕಳೆ ಪೇಂಟ್‌ಬ್ರಶ್ಶಿನ ಕುಟುಂಬದ್ದೇ. ಅಂದರೆ ಹುಲ್ಲುಗಾವಲಿನ ಹೂವು ಬೇಕಾದರೆ ಮೊದಲು ಹುಲ್ಲುಗಾವಲು ಇರಬೇಕು. ಕುಂಡದಲ್ಲಿ ಕಥೆ ನಡೆಯಲ್ಲ.

'ಖಾಲಿ ಜಾಗ' ಅನ್ನೋ ಮಾತು

ಇಲ್ಲಿಂದ ವಿಷಯ ಸ್ವಲ್ಪ ಗಂಭೀರ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. 798 ಎಕರೆ ಹುಲ್ಲುಗಾವಲು, 2007ರಲ್ಲಿ ಘೋಷಣೆ ಆಯ್ತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರೋ ಜಯಮಂಗಲಿ ನದಿಯ ಹೆಸರು ಇದಕ್ಕೆ. ಸಿರಾ ಕಡೆ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮ ಆಯ್ತು. ಎರಡು ಕಡೆಯೂ ದೊಡ್ಡ ಮರಗಳ ಕಾಡಿಲ್ಲ. ಕೃಷ್ಣಮೃಗಕ್ಕೆ ಬಯಲೇ ಮನೆ. ದೂರಕ್ಕೆ ಕಣ್ಣು ಹಾಯಬೇಕು, ಓಡೋಕೆ ಜಾಗ ಬೇಕು.

ಆದರೆ ಸರ್ಕಾರಿ ಲೆಕ್ಕದಲ್ಲಿ, ನಮ್ಮ ಮಾತಿನಲ್ಲೂ, ಇಂಥ ಜಾಗಕ್ಕೆ ಹೆಸರು 'ಬೀಳು', 'ಬಂಜರು', 'ಖರಾಬು'. ದೇಶದ ಬಂಜರು ಭೂಮಿ ಭೂಪಟದಲ್ಲಿ ಕುರುಚಲು ನೆಲವನ್ನ ಬಂಜರಿನ ವರ್ಗದಲ್ಲೇ ಹಾಕಿದ್ದಾರೆ. ಖಾಲಿ ಅಂತ ಹೆಸರಿಟ್ಟ ಮೇಲೆ ಅಲ್ಲಿ ಏನು ಬೇಕಾದರೂ ಮಾಡಬಹುದು ಅನ್ನೋ ಭಾವನೆ ತಾನಾಗೇ ಬರುತ್ತೆ.

ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್ 1ರಂದು ಉದ್ಘಾಟನೆ ಆಯ್ತು. ಜಮೀನನ್ನ ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಮಳೆ ಕೈಕೊಟ್ಟು ಬೆಳೆ ಒಣಗಿದ ಊರಿಗೆ ವರ್ಷ ವರ್ಷ ಬರೋ ಗುತ್ತಿಗೆ ಹಣ ಸಣ್ಣ ಮಾತಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ನಾಳೆ ಕೆಲಸ ಸಿಗೋದೂ ಇಂಥ ಕಡೆಯೇ. ಆದ್ದರಿಂದ ನಾವು ಸೋಲಾರ್ ಬೇಡ ಅಂತ ಹೇಳ್ತಿಲ್ಲ. ಪ್ಯಾನೆಲ್ ಹಾಕೋ ಮುಂಚೆ ಆ ನೆಲದಲ್ಲಿ ಏನೇನು ಬೆಳೀತಿತ್ತು ಅಂತ ಬರೆದಿಡೋರು ಯಾರು ಅನ್ನೋದಷ್ಟೇ ಪ್ರಶ್ನೆ. ಪಟ್ಟಿ ಇದ್ದರೆ ತಾನೇ ಕಳೆದದ್ದು ಏನು ಅಂತ ಗೊತ್ತಾಗೋದು? ಸೈಟ್ ಸರ್ವೇಯಲ್ಲಿ ಮಣ್ಣು, ಇಳಿಜಾರು, ಬಿಸಿಲಿನ ಲೆಕ್ಕ ಹಾಕೋ ಇಂಜಿನಿಯರಿಗೆ ಒಂದು ಗಿಡದ ಹೆಸರು ಗೊತ್ತಿದ್ದರೆ ವರದಿಯಲ್ಲಿ ಒಂದು ಸಾಲು ಹೆಚ್ಚಾಗುತ್ತೆ. ಇಲ್ಲದಿದ್ದರೆ 'ಯಾವುದೋ ಕಳೆ' ಅಂತ ಹೋಗುತ್ತೆ.

ಇದು ಕಂಪನಿಗಳ ವಿಷಯ ಮಾತ್ರ ಅಲ್ಲ, ನಮ್ಮದೂ ಹೌದು. ಜೂನ್ 5 ಬಂತು ಅಂದರೆ ಕಾಲೇಜುಗಳು ಗುಂಡಿ ತೋಡಿ ಸಸಿ ನೆಡ್ತಾವೆ. ಒಳ್ಳೇ ಕೆಲಸವೇ. ಆದರೆ ಹುಲ್ಲುಗಾವಲಿನಲ್ಲಿ ನೆರಳು ಬಿದ್ದರೆ ಬಿಸಿಲು ಬೇಡೋ ಹುಲ್ಲು, ಹೂಗಿಡಗಳು ಹಿಂದಕ್ಕೆ ಸರೀತಾವೆ. ಗುಂಡಿ ತೋಡೋ ಮುಂಚೆ ಕೆಳಗೆ ಕೂತು ಐದು ನಿಮಿಷ ನೆಲ ನೋಡೋಣ. ಅಲ್ಲಿ ಆಗಲೇ ಯಾರೋ ವಾಸ ಇದ್ದರೆ, ಸಸಿಗೆ ರಸ್ತೆ ಬದಿಯಲ್ಲೋ ಶಾಲೆ ಅಂಗಳದಲ್ಲೋ ಬೇರೆ ಜಾಗ ಹುಡುಕೋಣ.

ಅಜ್ಜಿಯರ ಕಣ್ಣು, ಆ್ಯಪಿನ ಕಣ್ಣು

ಅಣ್ಣೆ ಸೊಪ್ಪನ್ನ ಗುರುತಿಸೋದರಲ್ಲಿ ನಮಗಿಂತ ಬಹಳ ಮುಂದಿರೋರು ಹೊಲದಲ್ಲಿ ಕಳೆ ಕೀಳೋ ಹೆಂಗಸರು. ಬೆರಕೆ ಸೊಪ್ಪು ಆಯುವಾಗ ಅವರು ಹೂವಿಗೆ ಕಾಯಲ್ಲ. ತೆನೆ ಬಂದ ಮೇಲೆ ಸೊಪ್ಪು ನಾರಾಗುತ್ತೆ, ಮಸ್ಸೊಪ್ಪಿಗೆ ಬರಲ್ಲ. ನಾಲ್ಕೈದು ಎಲೆಯ ಎಳೇ ಗಿಡವನ್ನೇ ಕಂಡು ಹಿಡೀತಾರೆ. ಫೋನಿನ ಆ್ಯಪಿಗೆ ಹೂವು ಬೇಕು, ಅವರಿಗೆ ಎಲೆ ಸಾಕು. ಪುಸ್ತಕದ ಜ್ಞಾನ ಶುರುವಾಗೋ ಹೊತ್ತಿಗೆ ಅವರ ಜ್ಞಾನ ಮುದ್ದೆ ಜೊತೆ ಊಟ ಆಗಿ ಮುಗಿದಿರುತ್ತೆ. ಕಳೆನಾಶಕ ಹೊಡೆಯೋದು ಹೆಚ್ಚಾದಷ್ಟೂ ಕೈಯಲ್ಲಿ ಕಳೆ ಕೀಳೋದು ಕಮ್ಮಿ, ಕೀಳೋದು ಕಮ್ಮಿಯಾದಷ್ಟೂ ಈ ಗುರುತೂ ಕಮ್ಮಿ. ಅದಕ್ಕೇ ಎಲೆಯ ಹಂತದ ಗುರುತನ್ನ ಅಜ್ಜಿ, ಅತ್ತೆ, ದೊಡ್ಡಮ್ಮನವರನ್ನ ಕೇಳಿ ಬರೆದುಕೊಳ್ಳೋದು, ಹೂವಿನ ಹಂತದ ಗುರುತನ್ನ ಲೆನ್ಸಿನಿಂದ ಕಲಿಯೋದು, ಎರಡೂ ಒಟ್ಟಿಗೆ ಆಗಬೇಕು.

ಆ್ಯಪ್ ಕೊಡೋದು ಉತ್ತರ ಅಲ್ಲ, ಊಹೆ. ಅದಕ್ಕೆ ಕಲಿಸಿದ ಫೋಟೋಗಳಲ್ಲಿ ಹೆಚ್ಚು ಇರೋ ಗಿಡದ ಕಡೆ ವಾಲೋದು ಅದರ ಸ್ವಭಾವ. ಅದು ಹೇಳಿದ ಹೆಸರನ್ನ ಐದು ಪ್ರಶ್ನೆಗೆ ಹಾಕಿ ಉಜ್ಜಿ ನೋಡಿ. ಆ್ಯಪ್ ನಂಬಿ ಯಾವ ಸೊಪ್ಪನ್ನೂ ತಿನ್ನಬೇಡಿ. ಗುರುತು ಬಲ್ಲವರು ಕೈಗೆ ಕೊಟ್ಟದ್ದನ್ನ ಮಾತ್ರ ತಿನ್ನಿ. ಔಷಧಿ ಹೊಡೆದ ಹೊಲದ ಸೊಪ್ಪಂತೂ ಬೇಡವೇ ಬೇಡ.

ಈ ತಿಂಗಳ ಹೋಮ್‌ವರ್ಕ್

ಒಂದು ಗಿಡ ಸಿಕ್ಕರೆ ಆರು ಫೋಟೋ ತೆಗೆಯಿರಿ: ಪೂರ್ತಿ ಗಿಡ, ಸುತ್ತಲಿನ ಜಾಗ, ಕಾಂಡಕ್ಕೆ ಎಲೆ ಸೇರೋ ಕಡೆ, ತೆನೆ, ಬಿಡಿಸಿದ ಒಂದು ಹೂವು, ಕಾಯಿ ಅಥವಾ ಬೀಜ. ಅಳತೆಗೆ ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಡಿ, ಅದರ ಅಡ್ಡಳತೆ 27 ಮಿಲಿಮೀಟರ್. ತಾರೀಖು, ಊರು, ನೆಲ ಎಂಥದ್ದು (ಕೆಂಪು ಮಣ್ಣಾ, ಗೊರಸಾ, ಹಳ್ಳದ ದಂಡೆಯಾ), ಊರಲ್ಲಿ ಆ ಗಿಡಕ್ಕೆ ಏನಂತಾರೆ, ಇಷ್ಟನ್ನ ಬರೆಯಿರಿ. ಆಮೇಲೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೆ ಹಾಕಿ. ಬಲ್ಲವರು ನೋಡಿ ಹೆಸರು ಖಚಿತ ಮಾಡ್ತಾರೆ, ನಿಮ್ಮ ಫೋಟೋ ಒಂದು ದಾಖಲೆ ಆಗುತ್ತೆ. ಸಂರಕ್ಷಿತ ಪ್ರದೇಶಕ್ಕೆ ಹೋಗೋದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಅಲ್ಲಿ ಏನನ್ನೂ ಕೀಳೋ ಹಾಗಿಲ್ಲ.

ಊರಿನ ಹೆಸರು ಬರೆಯೋದನ್ನ ಮಾತ್ರ ಮರೀಬೇಡಿ. ಲ್ಯಾಟಿನ್ ಹೆಸರು ಇವತ್ತಲ್ಲ ನಾಳೆ ಯಾವುದಾದರೂ ಪುಸ್ತಕದಲ್ಲಿ ಸಿಗುತ್ತೆ. ಸಿರಾದ ಒಂದು ಹಳ್ಳಿಯಲ್ಲಿ, ಪಾವಗಡದ ಇನ್ನೊಂದರಲ್ಲಿ ಅದೇ ಗಿಡಕ್ಕೆ ಏನಂತಾರೆ ಅನ್ನೋದು ಆ ಊರಿನವರ ಬಾಯಲ್ಲಿ ಮಾತ್ರ ಇದೆ.